ಬೀಗರ ಹಾಡಿಗೆ ಬಂದ ದಡ

ಸಮುದ್ರದ ನೀರಿಗೆ ಇನ್ನೂ ಇಷ್ಟು ಉಪ್ಪು ಹಿಡಿಯದಿದ್ದ ಕಾಲದಲ್ಲಿ ಒಂದು ರಾಜ್ಯವಿತ್ತು. ಅದರ ಅರಮನೆ, ಪೇಟೆ, ತೆಂಗಿನತೋಪು ಎಲ್ಲವೂ ಒಂದು ಮುದಿ ಆಮೆಯ ಬೆನ್ನ ಮೇಲಿದ್ದವು. ಆಮೆ ಮಲಗಿದ್ದಲ್ಲಿಂದ ಏಳುತ್ತಿರಲಿಲ್ಲ. ಹಾಗಾಗಿ ಜನಕ್ಕೆ ಚಿಂತೆಯೂ ಇರಲಿಲ್ಲ.

ಅಲ್ಲಿನ ರಾಜಕುಮಾರಿ ಮಲ್ಲಾಜಿಯ ಮೇಲೆ ಹೊಗೆಗಡ್ಡದ ಮಾಂತ್ರಿಕನೊಬ್ಬ ಕಣ್ಣು ಹಾಕಿದ್ದ. "ಮದುವೆಯ ದಿನ ಹೊತ್ತು ಮುಳುಗುವುದರೊಳಗೆ ವರ ಬರದಿದ್ದರೆ ಹುಡುಗಿ ನನ್ನವಳು" ಎಂದು ರಾಜನನ್ನು ಹೆದರಿಸಿ ಭಾಷೆ ತೆಗೆದುಕೊಂಡಿದ್ದ.

ಆ ದಿನ ಬಂತು. ಮಲ್ಲಾಜಿಯ ಅಣ್ಣ ಬೊಮ್ಮರಸ ಏಳು ಕಡಲು ದಾಟಿ, ವರನ ದಿಬ್ಬಣವನ್ನು ಹಡಗಿನಲ್ಲಿ ಕರೆತರುತ್ತಿದ್ದ. ದಿಬ್ಬಣಕ್ಕೆ ಹಿರಿಯಳು ವರನ ಸೋದರತ್ತೆ ತಿಪ್ಪಾಂಬೆ. ಹಡಗು ಹತ್ತಿದಂದಿನಿಂದ ಆಕೆಗೆ ಒಂದೇ ಸಮ ವಾಂತಿ. "ಅಲ್ಲಾಡದ ನೆಲ ಒಂದು ಗೇಣು ತೋರಿಸಪ್ಪಾ ಬೊಮ್ಮರಸ, ನಿನಗೆ ಪುಣ್ಯ ಬರ್ತದೆ" ಎಂದು ನರಳುತ್ತಿದ್ದಳು.

ಮಧ್ಯಾಹ್ನ ತೆಂಗಿನ ತಲೆಗಳು ಕಂಡವು. ಎಲ್ಲರೂ ಹೋ ಎಂದು ಕುಣಿದರು. ಆಗ ಮಾಂತ್ರಿಕ ಆಮೆಯ ನೆತ್ತಿಯ ಮೇಲೆ ಕೂತು ಅಂಕುಶದಿಂದ ತಿವಿದ.

ಬೊಮ್ಮರಸ ಹಾಯಿ ಬಿಚ್ಚಿಸಿದ. ಆಮೆ ಹಿಂದೆ ಸರಿಯಿತು, ದಡವೂ ಸರಿಯಿತು. ಹುಟ್ಟು ಹಾಕಿಸಿದ. ದಡ ಇನ್ನಷ್ಟು ಸರಿಯಿತು. ವರ ತಾನೇ ನೀರಿಗೆ ಹಾರಿ ಈಜಿದ. ದಡ ಮತ್ತೂ ಸರಿಯಿತು, ಪೇಟ ಒದ್ದೆಯಾದದ್ದೇ ಬಂತು. ಸೂರ್ಯ ನೀರಿಗೆ ತಾಗುವಂತಿದ್ದ. ತಂಗಿಯನ್ನು ನೆನೆದು ಬೊಮ್ಮರಸ ಅತ್ತೇಬಿಟ್ಟ.

ತಿಪ್ಪಾಂಬೆಗೆ ರೇಗಿಹೋಯಿತು. "ಬೀಗರನ್ನ ಎದುರುಗೊಳ್ಳೋದು ಹೀಗೇನು?" ಎಂದು ಸೆರಗು ಸಿಕ್ಕಿಸಿ, ಮದುವೆಮನೆಯಲ್ಲಿ ಬೀಗರನ್ನು ಹಂಗಿಸುವ ಧಾಟಿಯಲ್ಲಿ ಹಾಡು ಎತ್ತಿದಳು:

"ಬೀಗರ ಮನೆ ಆಮೆ ಬಲು ಸೋಮಾರಿ
ನೆಂಟರ ಕಂಡರೆ ಹಿಂದಕ್ಕೆ ಸವಾರಿ
ಕಾಲಿಗೆ ನೀರಿಲ್ಲ, ಕೂರೋಕೆ ಚಾಪಿಲ್ಲ
ಇವರ ಮರ್ಯಾದೆಗೆ ಮೂರು ಕಾಸಿಲ್ಲ!"

ಆಮೆ ನಿಂತಿತು. ಎಷ್ಟೆಂದರೂ ಅದು ಹೆಣ್ಣಿನ ಕಡೆಯದು. ಅಂಕುಶದ ತಿವಿತ ತಾಳಬಹುದು, ಬೀಗರ ಮಾತು ತಾಳುವುದುಂಟೇ?

"ಯಾರಿಗಮ್ಮಾ ಮರ್ಯಾದೆ ಇಲ್ಲದ್ದು?" ಎಂದು ತಲೆ ಕೊಡವಿತು. ಮಾಂತ್ರಿಕ ಗಿರ್ರನೆ ಹಾರಿ ಸಮುದ್ರಕ್ಕೆ ಬಿದ್ದ. ಗಾಬರಿಯಲ್ಲಿ ಮಂತ್ರ ತಪ್ಪಿ ಸೀಗಡಿಯಾದ. ಗಡ್ಡ ಮಾತ್ರ ಉಳಿಯಿತು.

ಆಮೆ ಜಗಳಕ್ಕೆಂದು ರಾಜ್ಯವನ್ನೇ ಹೊತ್ತು ಓಡಿಬಂದು ಹಡಗಿಗೆ ತಾಗಿ ನಿಂತಿತು. "ಕಾಲಿಗೆ ನೀರು ತಾನೇ? ತಗೊಳ್ಳಿ!" ಎಂದು ಒಂದು ಅಲೆ ಎಬ್ಬಿಸಿ ಇಡೀ ದಿಬ್ಬಣವನ್ನು ತೋಯಿಸಿತು. ಸೂರ್ಯನ ಅಂಚು ಇನ್ನೂ ಉಳಿದಿರುವಾಗಲೇ ಮಲ್ಲಾಜಿ ಓಡಿಬಂದು ತೊಟ್ಟಿಕ್ಕುತ್ತಿದ್ದ ವರನಿಗೆ ಮಾಲೆ ಹಾಕಿದಳು. ಅಣ್ಣ ತಂಗಿ ನಕ್ಕು ನಕ್ಕು ಅತ್ತರು.

ಓಲಗ ಮೊಳಗಿತು. ಎದ್ದ ಆಮೆಗೆ ಮತ್ತೆ ಮಲಗುವ ಮನಸ್ಸಾಗಲಿಲ್ಲ. ಅದೂ ಕುಣಿಯತೊಡಗಿತು. ಆಗಷ್ಟೇ ನೆಲಕ್ಕೆ ಕಾಲಿಟ್ಟಿದ್ದ ತಿಪ್ಪಾಂಬೆ ಚಪ್ಪರದ ಕಂಬ ತಬ್ಬಿಕೊಂಡಳು.

"ಅಯ್ಯೋ ಶಿವನೇ, ಇದೂ ಅಲ್ಲಾಡ್ತದಲ್ಲಪ್ಪಾ!"

ಆಮೇಲೆ ಎಲ್ಲರೂ ಬಹುಕಾಲ ಸುಖವಾಗಿದ್ದರು. ತಿಪ್ಪಾಂಬೆಯೂ ಸುಖವಾಗಿದ್ದಳು, ಕಂಬ ಬಿಡದೆ.