ಅವನ ಬೆನ್ನಿನ ಆಚೆ

"ಆ ಕಡೆ ತಿರುಗ್ರೀ! ನಾನು ಮಷೀನ್ ಸೆಟ್ಟಿಂಗ್ ಮಾಡುವಾಗ ಯಾರೂ ನೋಡೋ ಹಾಗಿಲ್ಲ!"

ಮಾಚೇನಹಳ್ಳಿಯ ಆ ಸಣ್ಣ ಕಾರ್ಖಾನೆಯಲ್ಲಿ ಸಂಘಮಿತ್ರಾಳ ಮೊದಲ ದಿನ ಶುರುವಾದದ್ದೇ ಹೀಗೆ!

ಗದರಿದವನು ಚಂದ್ರಹಾಸ, ಪಕ್ಕದ ಲೇತ್ ಮಷೀನಿನವನು. ಅಗಲವಾದ ಬೆನ್ನನ್ನು ಸ್ಕ್ರೀನಿಗೆ ಅಡ್ಡ ಮಾಡಿಕೊಂಡು ಟಕಟಕ ಬಟನ್ ಒತ್ತುತ್ತಿದ್ದ.

'ನಾನೇನು ಕಳ್ಳಿಯಾ...?' ಅವಳ ಕಣ್ಣು ತುಂಬಿತು.

ಅಲ್ಲಿ ಎಲ್ಲರೂ ಹಾಗೇ. ಯಾರೂ ಯಾರಿಗೂ ಏನೂ ಹೇಳಿಕೊಡುತ್ತಿರಲಿಲ್ಲ. ಊಟದ ಹೊತ್ತಲ್ಲೂ ಅವಳು, ಅವಳ ಡಬ್ಬಿ, ಅಷ್ಟೇ. ಸಂಜೆ ರಸ್ತೆಯ ಈ ಬದಿಯಲ್ಲಿ ಭದ್ರಾವತಿ ಬಸ್ಸಿಗೆ ಅವಳು, ಆ ಬದಿಯಲ್ಲಿ ಶಿವಮೊಗ್ಗದ ಬಸ್ಸಿಗೆ ಅವನು. ನಡುವೆ ಲಾರಿಗಳು, ಧೂಳು... ಒಂದು ನಗುವೂ ದಾಟಿ ಬರುತ್ತಿರಲಿಲ್ಲ.

ಒಂದು ದಿನ ಅವಳು ಮಾಡಿದ ತೆಳು ರಿಂಗುಗಳೆಲ್ಲ ರಿಜೆಕ್ಟ್! ಮೂಲೆಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಾಗ ಹಿಂದಿನಿಂದ ಅವನ ದನಿ ಕೇಳಿತು.

"ಅಯ್ಯೋ, ಅಳ್ಬೇಡ್ರೀ... ಮಷೀನು ರಿಂಗನ್ನ ಬಿಗಿಯಾಗಿ ಹಿಡಿದ್ರೆ ಅದು ಸೊಟ್ಟ ಆಗುತ್ತೆ. ಕೊನೇ ಕಟಿಂಗಿಗೆ ಹಿಡಿತ ಸ್ವಲ್ಪ ಸಡಿಲ ಮಾಡಿ."

"ನನಗ್ಯಾಕೆ ಹೇಳ್ಕೊಡ್ತಿದೀರಾ?"

"ಹಿಂದೆ ಒಬ್ಬನಿಗೆ ಕಲಿಸಿದ್ದೆ. ಎಲ್ಲಾ ತನ್ನದೇ ಅಂತ ಹೇಳ್ಕೊಂಡು ಪ್ರಮೋಷನ್ ತಗೊಂಡ. ನೀವು ಹಾಗೆ ಮಾಡಲ್ಲ ಅಂತ... ಅನ್ಸುತ್ತೆ."

ಆ 'ಅನ್ಸುತ್ತೆ'ಯನ್ನು ಬಸ್ಸಿನ ಕಿಟಕಿ ಪಕ್ಕ ಕೂತು ಎಷ್ಟು ಸಲ ಮೆಲುಕು ಹಾಕಿದಳೋ!

ಮರುದಿನ ಅವನು ಹೇಳಿದಂತೆಯೇ ರಿಂಗು ಮಾಡಿದಳು. ಆದರೆ ಅದರ ಮುಂದಿನ ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರ್ ನಿರಂಜನ ಅವಳು ಮಾಡಿದ ರಿಂಗೊಂದನ್ನು ಎತ್ತಿ ಹಿಡಿದರು.

"ಒಂದೂ ರಿಜೆಕ್ಟ್ ಇಲ್ಲ! ಸಂಘಮಿತ್ರಾ ಐಡಿಯಾ ಇದು. ಚಪ್ಪಾಳೆ ತಟ್ರಪ್ಪಾ!"

ಎಲ್ಲರೂ ಅವಳತ್ತ ತಿರುಗಿ ನಕ್ಕರು. ಬಂದಾಗಿನಿಂದ ಮೊದಲ ಸಲ! 'ನಂದಲ್ಲ ಸಾರ್' ಅನ್ನುವ ಮಾತು ನಾಲಗೆ ತುದಿಗೆ ಬಂತು... ಆದರೆ ಆ ನಗು ಎಷ್ಟು ಬೆಚ್ಚಗಿತ್ತು! ಸುಮ್ಮನಿದ್ದುಬಿಟ್ಟಳು.

ಅಷ್ಟೇ ಸಾಕಾಯಿತು. ಚಂದ್ರಹಾಸ ಎದ್ದು ಹೊರಟ.

"ರೀ, ಒಂದು ನಿಮಿಷ..." ಅವಳು ಹಿಂದೆ ಓಡಿದಳು.

"ನೀವೂ ಅಷ್ಟೇನಾ?" ಅಂದವನೇ ಮಷೀನಿನ ಕಡೆ ತಿರುಗಿದ. ಮತ್ತೆ ಅದೇ ಬೆನ್ನು!

ಅವತ್ತು ಇನ್ನೊಂದು ಪಕ್ಕದ ಮಷೀನಿನ ಸುಷ್ಮಾ ತಾನಾಗಿಯೇ ಊಟಕ್ಕೆ ಕರೆದಳು. "ಬಾರೇ ಮಾರಾಯ್ತಿ, ಈಗ ನೀನು ದೊಡ್ಡ ಜನ!" ಸುತ್ತಲೂ ಮಾತು, ನಗು... ಅವಳು ಮಾತ್ರ ಅರ್ಧಕ್ಕೇ ಡಬ್ಬಿ ಮುಚ್ಚಿಟ್ಟಳು. ಇಷ್ಟು ಒಂಟಿಯಾಗಿ ಅವಳು ಯಾವತ್ತೂ ಇರಲಿಲ್ಲ.

ಮರುದಿನ ಮೀಟಿಂಗಿನಲ್ಲಿ ಅವಳೇ ಎದ್ದು ನಿಂತಳು.

"ಸಾರ್, ಅದು ಚಂದ್ರಹಾಸ ಅವರು ಹೇಳ್ಕೊಟ್ಟಿದ್ದು. ನಿನ್ನೆ ನಾನು ಬಾಯಿ ಬಿಡ್ಲಿಲ್ಲ... ತಪ್ಪು ನಂದು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ತಲೆಯನ್ನೂ ಎತ್ತಲಿಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ಅವಳ ಕಣ್ಣು ರಸ್ತೆಯಾಚೆಗೇ ಇತ್ತು. ದೊಡ್ಡ ಲಾರಿಯೊಂದು ಅಡ್ಡ ಬಂದು ಹೋಯಿತು... ಆ ಬದಿ ಖಾಲಿ!

'ಹೋಗೇಬಿಟ್ರಾ...?'

"ಭದ್ರಾವತಿ ಬಸ್ ಲೇಟಾ?"

ಪಕ್ಕದಲ್ಲೇ ಅವನು!

"ನಿಮ್ಮ ಬಸ್ಸು... ಆ ಕಡೆ ಅಲ್ವಾ?"

"ಹೋಗ್ಲಿ ಬಿಡು. ನಾಳೆ ನಾನು ಸೆಟ್ಟಿಂಗ್ ಮಾಡುವಾಗ ಪಕ್ಕದಲ್ಲೇ ನಿಂತ್ಕೋ. ಎಲ್ಲಾ ತೋರಿಸ್ತೀನಿ."

"ಎಲ್ಲಾನೂ?"

"ಒಂದು ಬಿಟ್ಟು. ಅದನ್ನ ಈಗಲೇ ಹೇಳ್ಬೇಕು..." ಅವನು ಅವಳತ್ತ ತಿರುಗಿದ. "ನೀನಂದ್ರೆ ನಂಗಿಷ್ಟ ಮಾರಾಯ್ತಿ."

ಬಸ್ಸು ಬಂತು, ನಿಂತಿತು, ಹೊರಟಿತು. ಅವಳು ಹತ್ತಲಿಲ್ಲ.

ಕಣ್ಣೊರೆಸಿಕೊಂಡು ನಕ್ಕಳು. "ನಾಳೆ ಮೀಟಿಂಗಲ್ಲಿ ಕೇಳಿದ್ರೆ, ಇದು ಯಾರ ಐಡಿಯಾ ಅಂತ ಹೇಳ್ಲಿ?"

"ಇದು ಮಾತ್ರ... ಇಬ್ಬರದ್ದೂ ಅಂತ ಹೇಳು."