ಕಿನ್ನಿ ನೆಕ್ಕಿದ ಹುಲ್ಲು

"ನೀವು ಅಂಗಳಕ್ಕೆ ಎಂತ ಹೊಡೆದದ್ದು? ಹೇಳಿ!"

ಬಾಯಿಂದ ನೊರೆ ಸುರಿಸುತ್ತಿದ್ದ ನಾಯಿಯನ್ನು ಎದೆಗೆ ಅವಚಿಕೊಂಡು ಟಾನ್ಯಾ ಕೂಗಿದಳು. ಎದುರಿಗೆ ನಿಂತವನು ಪ್ರೇಮ್. ಬಿಜೈ ಬಡಾವಣೆಯ ಆ ಜೋಡಿಮನೆಯ ಇನ್ನೊಂದು ಭಾಗಕ್ಕೆ ಬಾಡಿಗೆಗೆ ಬಂದವನು. ಅವರಿಬ್ಬರು ಮಾತನಾಡಿದ್ದು ಅದೇ ಮೊದಲು.

"ಹುಲ್ಲು ಸಾಯುವ ಮದ್ದು... ಈಗಷ್ಟೇ ಹೊಡೆದೆ. ಮೊಂತಿ ಹಬ್ಬದ ಒಂಬತ್ತು ದಿನದ ನೊವೆನಾ ಪ್ರಾರ್ಥನೆಗೆ ಮಕ್ಕಳು ಹೂ ಕೊಯ್ಯಲಿಕ್ಕೆ ಬರುತ್ತಾರಲ್ಲ, ಹುಲ್ಲಿನಲ್ಲಿ ಹಾವು ಇದ್ದರೆ ಅಂತ..."

"ಒಣಗುವ ಮೊದಲೇ ಕಿನ್ನಿ ಅದನ್ನು ನೆಕ್ಕಿದ್ದಾಳೆ!"

ತಂದೆ ಲಿಗೋರಿ ತೀರಿಕೊಂಡ ಮೇಲೆ ಟಾನ್ಯಾಳಿಗೆ ಆ ಮನೆಯಲ್ಲಿ ಉಳಿದಿದ್ದ ಜೊತೆಯೆಂದರೆ ಕಿನ್ನಿ ಒಬ್ಬಳೇ. ಅಪ್ಪನೇ ತಂದು ಸಾಕಿದ ನಾಯಿ.

'ದೇವರೇ, ಇವಳನ್ನೂ ಕರೆದುಕೊಳ್ಳಬೇಡ...'

ಅವಳು ಒಳಗೆ ಓಡಿ ಉಪ್ಪುನೀರು ಕಲಸಿ ತಂದಳು. ಅಷ್ಟರಲ್ಲಿ ಯಾರಿಗೋ ಫೋನು ಮಾಡುತ್ತಿದ್ದ ಪ್ರೇಮ್ ಬಂದು ಲೋಟವನ್ನು ಕಸಿದು ಚೆಲ್ಲಿಬಿಟ್ಟ!

"ಕೊಡಬೇಡಿ!"

"ವಾಂತಿ ಮಾಡಿಸದಿದ್ದರೆ ಸಾಯ್ತಾಳೆ! ನಿಮಗೆ ಎಂತ ಗೊತ್ತುಂಟು?"

ಅವನು ನಳ್ಳಿ ತಿರುಗಿಸಿ ಕಿನ್ನಿಯ ಬಾಯಿ, ಪಾದಗಳನ್ನು ತೊಳೆಯತೊಡಗಿದ. ನೋವಿಗೆ ಅದು ಅವನ ಕೈಯನ್ನು ಕಚ್ಚಿತು. ರಕ್ತ ಬಂದರೂ ಅವನು ಕೈ ಹಿಂದೆಗೆಯಲಿಲ್ಲ.

'ಎಂತಹ ಕಲ್ಲು ಮನುಷ್ಯ! ತಪ್ಪಾಯಿತು ಎಂಬ ಒಂದು ಮಾತಿಲ್ಲ...'

ಆಸ್ಪತ್ರೆಯಲ್ಲಿ ಅವನು ಮೊದಲು ಮಾಡಿದ ಕೆಲಸ, ಮದ್ದಿನ ಬಾಟಲಿಯನ್ನು ಪಶುವೈದ್ಯೆ ಕುಶಲಾ ಅವರ ಮೇಜಿನ ಮೇಲಿಟ್ಟದ್ದು.

"ಇದನ್ನು ತಂದದ್ದು ಒಳ್ಳೆಯದಾಯಿತು," ಎಂದರು ವೈದ್ಯೆ. "ಕಳೆನಾಶಕ ಎಲ್ಲ ಒಂದೇ ಅಲ್ಲ. ಕೆಲವಕ್ಕೆ ಪ್ರತಿಮದ್ದೇ ಇಲ್ಲ. ಇದು ಅಷ್ಟು ಕೆಟ್ಟದ್ದಲ್ಲ. ಹಸಿಯಾಗಿದ್ದಾಗ ನೆಕ್ಕಿ ಹೊಟ್ಟೆ ಕೆಟ್ಟಿದೆ, ಉಳೀತಾಳೆ. ಉಪ್ಪುನೀರು ಕೊಡಬೇಡಿ ಅಂತ ನಾನು ಫೋನಿನಲ್ಲಿ ಹೇಳಿದ್ದೆ, ಕೊಡಲಿಲ್ಲ ಅಲ್ವಾ? ಕೊಟ್ಟಿದ್ದರೆ ಉಪ್ಪೇ ವಿಷ ಆಗ್ತಿತ್ತು ಮಾರಾಯ್ರೇ!"

ಟಾನ್ಯಾ ತಲೆ ತಗ್ಗಿಸಿದಳು. ಕಿನ್ನಿಯನ್ನು ತನ್ನ ಕೈಯಾರೆ...

"ಆಗಲೇ ಯಾಕೆ ಹೇಳಲಿಲ್ಲ ನೀವು?" ಎಂದು ಪ್ರೇಮನನ್ನು ಕೇಳಿದಳು.

"ತಪ್ಪು ನನ್ನದು. ನಿಮ್ಮ ಹತ್ತಿರ ವಾದ ಮಾಡಲಿಕ್ಕೆ ನನಗೆ ಯಾವ ಮುಖ ಉಂಟು?"

"ಮೊದಲು ಆ ಕೈಗೆ ಇಂಜೆಕ್ಷನ್ ತಗೊಳ್ಳಿ..." ಎನ್ನುತ್ತಾ ಅವಳು ಅವನ ಗಾಯಕ್ಕೆ ತನ್ನ ಕರವಸ್ತ್ರ ಸುತ್ತಿದಳು.

ಅಂದಿನಿಂದ ಪ್ರೇಮ್ ಅಂಗಳದ ಹುಲ್ಲನ್ನು ಕೈಯಿಂದಲೇ ಕೀಳತೊಡಗಿದ. ಮಕ್ಕಳಿಗೆಂದು ಕಾಡುಹೂವಿನ ಗಿಡಗಳನ್ನು ಮಾತ್ರ ಉಳಿಸಿದ. ಕಿನ್ನಿ ಅವನ ಬೆನ್ನಿಗೆ ಒರಗಿ ಮಲಗುತ್ತಿತ್ತು.

"ಮದ್ದು ಹೊಡೆದರೆ ಅರ್ಧ ಗಂಟೆಯ ಕೆಲಸ. ನಿನಗೆ ಎಂತ ಮರ್ಲಾ, ಹುಚ್ಚಾ?" ಎಂದು ಪಕ್ಕದ ಮನೆಯ ಲಿಲ್ಲಿ ಆಂಟಿ ಹಂಗಿಸಿದರು.

"ಬಾಟಲಿಯ ಮೇಲೆ ಬರೆದದ್ದು ಕಿನ್ನಿಗೆ ಓದಲಿಕ್ಕೆ ಬರುವುದಿಲ್ಲ ಆಂಟಿ!"

ಕಿಟಕಿಯ ಹಿಂದೆ ನಿಂತ ಟಾನ್ಯಾ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

'ತಪ್ಪು ಮಾಡದವರು ಯಾರಿದ್ದಾರೆ? ಆದರೆ ಹೀಗೆ ಮೊಣಕಾಲೂರಿ ತಿದ್ದಿಕೊಳ್ಳುವವರು...!'

ಬೇಸಿಗೆ ಕಳೆಯಿತು, ಮಳೆ ಬಂತು, ಮರುವರ್ಷದ ಮೊಂತಿ ಹಬ್ಬವೂ ಬಂತು. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ತೆಂಗಿನಹಾಲಿನಲ್ಲಿ ಬೆರೆಸಿ ಮನೆಯವರೆಲ್ಲ ಹಂಚಿಕೊಳ್ಳುವ ದಿನ. ಟಾನ್ಯಾ ಬಟ್ಟಲು ಹಿಡಿದು ಪ್ರೇಮನ ಬಾಗಿಲಿಗೆ ಬಂದಳು.

ಅವನು ಬೆರಗಾದ. "ಇದು ಮನೆಯವರು ಮಾತ್ರ ತಿನ್ನುವುದಲ್ವಾ?"

"ಹೌದು."

"ಮತ್ತೆ... ನನಗೆ?"

"ಎಲ್ಲ ಬಿಡಿಸಿ ಹೇಳಬೇಕಾ ಮಾರಾಯ್ರೇ?" ಅವಳ ಕಣ್ಣು ತುಂಬಿತ್ತು.

"ಹೇಳಿ ಟಾನ್ಯಾ. ಕೇಳಲಿಕ್ಕೆ ಎಷ್ಟು ಸಮಯದಿಂದ ಕಾಯ್ತಾ ಇದ್ದೇನೆ..."

"ನಮ್ಮ ಮೇಜಿನಲ್ಲಿ ನಿಮಗೆ ಜಾಗ ಮಾಡಿದ್ದೇನೆ ಪ್ರೇಮ್. ಇವತ್ತಿಗೆ ಮಾತ್ರ ಅಲ್ಲ."