ಎರಡನೆಯ ಪ್ರಶ್ನೆ

"ಈ ಮನೇಲಿ ಇಬ್ಬರಿದ್ದಾರೆ ಅಂತ ಬರೆದವರು ಯಾರು?"

ಅಧ್ಯಾಪಕಿ ನೂರಹದಿನೇಳನೆಯ ಫಾರಂ ಅನ್ನು ಮೇಜಿನ ಮೇಲಿಟ್ಟಳು. ಚರ್ಚಿನ ಹಾಲಿನಲ್ಲಿ ಮಡಿಸಿದ ಕುರ್ಚಿಗಳನ್ನು ಬಿಡಿಸುತ್ತಿದ್ದವನು ಕೈ ನಿಲ್ಲಿಸಿದ.

"ನಾನೇ. ಅಜ್ಜಿ ಹಾಗೇ ಹೇಳಿದ್ರು."

"ಅಜ್ಜ ತೀರಿಕೊಂಡು ಆರು ವರ್ಷ ಆಯ್ತು."

"ಗೊತ್ತು. ಮಣ್ಣಿಗೆ ನಾನೂ ಹೋಗಿದ್ದೆ."

ಅವಳಿಗೆ ಜಗಳವಾಡುವಷ್ಟು ತ್ರಾಣ ಇರಲಿಲ್ಲ. ಹಿಂದಿನ ದಿನ ಆ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ನಾಲ್ಕು ತಾಸು ನೆಲದ ಮೇಲೇ ಇದ್ದರು. ಪಕ್ಕದ ಮನೆಯಾಕೆಗೆ ನರಳುವ ಸದ್ದು ಕೇಳಿದ್ದರಿಂದ ಬದುಕಿದರು. ಒಂಟಿಯಾಗಿರುವ ವಯಸ್ಸಾದವರಿಗೆ ದಿನವೂ ಮಧ್ಯಾಹ್ನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಒಂದು ಫೋನ್, ವಾರಕ್ಕೊಮ್ಮೆ ಚರ್ಚಿನವರ ಭೇಟಿ. ಎಂಟು ತಿಂಗಳ ಹಿಂದೆ ಎರಡೂ ಕಡೆಯವರು ಕೂತು ಮಾಡಿಕೊಂಡ ಏರ್ಪಾಡು ಅದು. ಚರ್ಚಿಗೆ ಮನೆಗಳು ಗೊತ್ತು, ವಿಶ್ವವಿದ್ಯಾಲಯಕ್ಕೆ ಸಮೀಕ್ಷೆ ಗೊತ್ತು. 'ಇಬ್ಬರು' ಎಂದು ಬರೆದ ಮನೆಯನ್ನು ಕಂಪ್ಯೂಟರ್ ಪಟ್ಟಿಯಿಂದ ಕೈಬಿಟ್ಟಿತ್ತು.

"ಗೊತ್ತಿದ್ದೂ ಬರೆದ್ರಾ?"

"ಎದುರಿಗೆ ಕೂತು, 'ಇಲ್ಲ ಅಜ್ಜಿ, ನೀವು ಒಬ್ಬರೇ' ಅಂತ ಹೇಗೆ ತಿದ್ದೋದು? ಹೇಳಿದ್ದನ್ನ ಬರ್ಕೊಂಡೆ."

"ನಿಮ್ದು ಇದೇ ಕಷ್ಟ. ಒಂದು ಪ್ರಶ್ನೆ ಕೇಳ್ತೀರಿ, ಎರಡನೇದು ಕೇಳಲ್ಲ."

ಅವನು ತಲೆಯೆತ್ತಿ ನೋಡಿದ. ಅವಳು ಫಾರಂ ನೋಡುವವಳಂತೆ ಕಣ್ಣು ತಗ್ಗಿಸಿದಳು. ಹೋದ ವಾರ ಇದೇ ಹಾಲಿನಲ್ಲಿ ಅವನು, "ಬೇರೆ ಊರಲ್ಲಿ ಕೆಲಸ ಸಿಕ್ಕಿದೆಯಂತೆ?" ಎಂದು ಕೇಳಿದ್ದ. "ಹೂಂ, ಕಾಯಂ ಕೆಲಸ. ಮುಂದಿನ ಶನಿವಾರ ಐದು ಗಂಟೆಯೊಳಗೆ ಉತ್ತರ ಕೊಡಬೇಕು" ಎಂದಿದ್ದಳು. "ಒಳ್ಳೇದಾಯ್ತು" ಎಂದವನೇ ಟೀ ಲೋಟ ತೊಳೆಯಲು ಎದ್ದುಹೋಗಿದ್ದ. ಇನ್ನೊಂದು ಮಾತು ಕೇಳಿದ್ದರೆ ಏನು ಹೇಳಬೇಕೆಂದು ಅವಳು ಯೋಚಿಸಿಟ್ಟುಕೊಂಡಿದ್ದಳು. ಅದು ಹಾಗೇ ಉಳಿದಿತ್ತು.

"ತಪ್ಪು ನನ್ನದೂ ಹೌದು," ಎಂದಳು. "ಫಾರಂ ಮಾಡಿದವಳು ನಾನು. 'ಮನೆಯಲ್ಲಿ ಎಷ್ಟು ಜನ' ಅಂತ ಒಂದು ಚೌಕ ಹಾಕಿ ಕೈ ತೊಳ್ಕೊಂಡೆ. ಎಪ್ಪತ್ತು ದಾಟಿದವರು, 'ಇಬ್ಬರು' ಅಂದವರು, ಐವತ್ಮೂರು ಮನೆ ಇದೆ. ಎಲ್ಲಾ ಇನ್ನೊಂದು ಸಲ ನೋಡಬೇಕು. ಯಾರು ಹೋಗ್ತಾರೆ?"

"ಇನ್ಯಾರು ಸಿಕ್ತಾರೆ? ನಡೀರಿ."

ಫ್ಲಾಸ್ಕ್ ಹಿಡಿದು ಬಂದ ಪಾದ್ರಿಗಳು ಇಬ್ಬರ ಮುಖವನ್ನೂ ನೋಡಿದರು. ವರ್ಷಗಟ್ಟಲೆ ಮಹಡಿ ಹತ್ತಿ ಮನೆಮನೆ ತಿರುಗುವ ಇವನನ್ನು ಇಡೀ ಬಡಾವಣೆ 'ಮೆಟ್ಟಿಲಣ್ಣ' ಎನ್ನುತ್ತಿತ್ತು. ಪಾದ್ರಿಗಳಿಗೂ ಅದೇ ಬಾಯಿಗೆ ಬರುತ್ತಿತ್ತು.

"ಮೇಡಂ, ಎಲ್ಲರೂ ಇವನನ್ನ ಅಣ್ಣ ಅಂತಾರೆ. ನೀವು ಏನಂತ ಕರೀತೀರಿ? ನಾನಂತೂ ಕೇಳೇ ಇಲ್ಲ."

"ಕರೆಯೋ ಅಗತ್ಯ ಬರಲ್ಲ ಫಾದರ್. ಎದುರಿಗೇ ಇರ್ತಾರಲ್ಲ."

ಪಾದ್ರಿಗಳು ಕೆಮ್ಮಿ ನಗು ನುಂಗಿಕೊಂಡರು. ಅವನ ಕಿವಿ ಕೆಂಪಾದದ್ದನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು. ಅಷ್ಟು ದಣಿವಿನಲ್ಲೂ ಅವಳಿಗೆ ಖುಷಿಯಾಯಿತು.

ಮೊದಲ ಮನೆಯ ಮೆಟ್ಟಿಲಲ್ಲೇ ಹೊಸ ಪ್ರಶ್ನೆ ಹುಟ್ಟಿತು.

"ಏನಂತ ಕೇಳೋದು? ಈಗ ಉಸಿರಾಡ್ತಿರೋರು ಎಷ್ಟು ಜನ ಅಂತಲೇ?"

"ಥೂ, ಬಿಡ್ತು ಅನ್ರಿ!" ಅವನು ಒಂದು ಮೆಟ್ಟಿಲಲ್ಲಿ ನಿಂತು ಯೋಚಿಸಿದ. "ಮಧ್ಯಾಹ್ನ ಬಾಗಿಲು ಬಡಿದ್ರೆ ಯಾರು ತೆಗೀತಾರೆ ಅಂತ ಕೇಳೋಣ."

ಹನ್ನೊಂದು ವರ್ಷ ಪಾಠ ಹೇಳಿದವಳಿಗೆ ಹೊಳೆಯದ ಪ್ರಶ್ನೆ. ಹೋದವರನ್ನು ಯಾರೂ ಮನೆಯಿಂದ ಹೊರಗೆ ಹಾಕಬೇಕಿಲ್ಲ, ಆದರೂ ನಿಜ ತಿಳಿಯುತ್ತದೆ. ಫಾರಂನ ಚೌಕದ ಕೆಳಗೆ ಪೆನ್ನಿನಲ್ಲಿ ಅದನ್ನೇ ಬರೆದುಕೊಂಡಳು.

ಗುರುವಾರ ಹದಿನೆಂಟು ಮನೆ, ಶುಕ್ರವಾರ ಇಪ್ಪತ್ತೊಂದು. ಲಿಫ್ಟ್ ಇರುವ ಕಟ್ಟಡಗಳು ಎರಡೇ. ಒಂದು ಮನೆಯ ಅಜ್ಜ ಅನುಮಾನದಿಂದ ನೋಡಿದರು.

"ಇದಕ್ಕೆ ಇಬ್ಬರು ಯಾಕೆ ಬಂದ್ರಿ? ಒಬ್ಬರು ಸಾಲದಾ?"

"ಇವರು ನಂಬ್ತಾರೆ ಅಜ್ಜ, ನಾನು ಅನುಮಾನಪಡ್ತೀನಿ," ಎಂದಳು ಅವಳು.

"ಹಾಗಾದ್ರೆ ಸಂಸಾರ ನಡಿಯುತ್ತೆ ಬಿಡು."

ಇಬ್ಬರೂ ತಿದ್ದಲಿಲ್ಲ. ಕೆಳಗಿಳಿಯುವಾಗ ಅವನು ಅಗತ್ಯಕ್ಕಿಂತ ವೇಗವಾಗಿ ಇಳಿದ. ಅವಳು ಅಗತ್ಯಕ್ಕಿಂತ ನಿಧಾನವಾಗಿ.

ಶನಿವಾರ ಕೊನೆಯ ಮನೆಯಿಂದ ಹೊರಬಂದಾಗ ನಾಲ್ಕೂ ಇಪ್ಪತ್ತು. ಐವತ್ಮೂರರಲ್ಲಿ ಹತ್ತೊಂಬತ್ತು ಮನೆಗಳಲ್ಲಿ ಬಾಗಿಲು ತೆಗೆಯುವವರು ಒಬ್ಬರೇ. ಅವಳು ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಚಪ್ಪಲಿ ಕಳಚಿದಳು. ಅವನು ಅದೇ ಮೆಟ್ಟಿಲ ಆ ತುದಿಯಲ್ಲಿ ಕೂತ. ಅವಳು ಫೋನ್ ತೆಗೆದು ಅರ್ಧ ಬರೆದಿದ್ದ ಮೇಲ್ ತೆರೆದಳು.

"ಹೋಗೋಕೆ ಇಷ್ಟ ಇದೆಯಾ?" ಅವನು ಕೇಳಿದ.

"ಇದೆ. ಇಲ್ಲಿ ವರ್ಷ ವರ್ಷಾನೂ ಮುಂದಿನ ವರ್ಷ ಇರ್ತೀನೋ ಇಲ್ವೋ ಅಂತ ಕಾಯೋದು ಸಾಕಾಗಿದೆ."

ಅವನು ತಲೆದೂಗಿದ. ಎಂದಿನಂತೆ 'ಸರಿ' ಎನ್ನುತ್ತಾನೆ, ಎದ್ದು ಹೋಗುತ್ತಾನೆ ಎಂದುಕೊಂಡಳು. ಅವನು ಏಳಲಿಲ್ಲ.

"ನನ್ನನ್ನ ಬಿಟ್ಟು ಹೋಗೋಕೆ?"

ಕೆಳಗೆ ಯಾರದೋ ಬಾಗಿಲು ಹಾಕಿಕೊಂಡ ಸದ್ದಾಯಿತು.

"ಅದಕ್ಕೆ ಇಷ್ಟ ಇಲ್ಲ," ಎಂದಳು. ಯೋಚಿಸಿಟ್ಟುಕೊಂಡಿದ್ದ ಉತ್ತರ ಇನ್ನೂ ಉದ್ದವಾಗಿತ್ತು, ಹೇಳಲು ಶಕ್ತಿ ಇರಲಿಲ್ಲ. "ಎಂಟು ತಿಂಗಳು ಬೇಕಾಯ್ತಾ ನಿಮಗೆ ಇದನ್ನ ಕೇಳೋಕೆ?"

"ಕೇಳಿದ್ರೆ ನೀವು ಹೋಗೋದನ್ನ ಬಿಟ್ಟುಬಿಡ್ತೀರೇನೋ ಅಂತ ಹೆದರಿಕೆ. ಬಿಡಬೇಡಿ. ನಾನು ಬರ್ತೀನಿ."

"ಎಲ್ಲಿಗೆ?"

"ಆ ಊರಿಗೆ. ಈ ಹತ್ತೊಂಬತ್ತು ಮನೆಗೂ ಒಬ್ಬೊಬ್ಬರನ್ನ ಗೊತ್ತುಮಾಡಬೇಕು. ಮಧ್ಯದಲ್ಲಿ ಬಿಟ್ಟು ಬಂದ್ರೆ ನನಗೆ ಅನ್ನ ಸೇರಲ್ಲ. ಮೂರು ತಿಂಗಳು ಕೊಡಿ. ಆಮೇಲೆ ಅಲ್ಲೇ ಏನಾದ್ರೂ ಕೆಲಸ ನೋಡ್ಕೋತೀನಿ."

ಅವಳು ಅವನ ಮುಖವನ್ನು ನೋಡಿದಳು. ಕಣ್ಣ ಸುತ್ತ ಮೂರು ದಿನದ ಕಪ್ಪು, ಹಣೆಯ ಮೇಲೆ ಗೋಡೆಯ ಸುಣ್ಣ. ಹೇಳಿದ್ದನ್ನು ಹಾಗೇ ನಂಬುವ ಅಭ್ಯಾಸ ಅವಳದಲ್ಲ.

"ಮೂರು ಅಂದ್ರೆ ಮೂರೇ?"

"ನಾಲ್ಕಾದ್ರೂ ಆಗಬಹುದು. ಸುಳ್ಳು ಯಾಕೆ ಹೇಳ್ಲಿ?"

ಅದನ್ನು ಅವಳು ನಂಬಿದಳು. 'ಒಪ್ಪಿದ್ದೇನೆ' ಎಂದು ಬರೆದು ಮೇಲ್ ಕಳಿಸಿದಳು. ನಾಲ್ಕೂ ನಲವತ್ತು.

ಅಷ್ಟರಲ್ಲಿ ಎರಡೂ ಕೈಯಲ್ಲಿ ತುಂಬಿದ ಚೀಲ ಹಿಡಿದ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಮೇಲೆ ಬಂದಳು. "ಸ್ವಲ್ಪ ಸರೀರಪ್ಪ." ಅಧ್ಯಾಪಕಿ ಗೋಡೆಗೆ ಒತ್ತಿ ಕೂತಳು. ಅವನು ಅವಳ ಕಡೆಗೆ ಸರಿದ. ಭುಜಕ್ಕೆ ಭುಜ ತಗುಲಿತು. ಹೆಂಗಸು ದಾಟಿ ಹೋದಳು, ಮೇಲೆ ಬೀಗ ತೆಗೆದ ಸದ್ದೂ ಕೇಳಿಸಿತು. ಮೆಟ್ಟಿಲ ಆಚೆ ತುದಿ ಖಾಲಿಯೇ ಇತ್ತು. ಅಲ್ಲಿಗೆ ಹಿಂದಿರುಗುವಷ್ಟು ಶಕ್ತಿ ಅವನಿಗೂ ಉಳಿದಿರಲಿಲ್ಲ.